ಜಿ. ಬಸವಣ್ಣನವರ ಒಪ್ಪಿಗೆ

ಮನೋಹರನ ರಜೆ ಅರ್ಜಿ ಮತ್ತೆ ತಿರುಗಿ ಬಂದಿತ್ತು.

ಅದೂ ಎಂಥ ರಜೆ! ಶುಕ್ರವಾರ ಅವನದೇ ನಿಶ್ಚಿತಾರ್ಥ. ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಹುಡುಗಿಯ ಮನೆ ಮುಂದೆ ಶಾಮಿಯಾನದ ಗಳಗಳು ಆಗಲೇ ಬಂದು ಬಿದ್ದಿದ್ದವು. ಇಲ್ಲಿ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮದುಮಗ ಮೊಬೈಲ್ ಹಿಡಿದು ಬೆವರುತ್ತಿದ್ದ. ಪರದೆಯ ಮೇಲೆ ಕೆಂಪಕ್ಷರ: 'ನಿರಾಕರಿಸಲಾಗಿದೆ. ಜಿ. ಬಸವಣ್ಣ.'

ಯಾರಪ್ಪಾ ಈ ಜಿ. ಬಸವಣ್ಣ?

ಗಿರಣಿಯ ಮ್ಯಾನೇಜರ್ ಮನೋಹರ. ಅವನಿಗೆ ಗೊತ್ತಿಲ್ಲದ ಹೆಸರು ಅಲ್ಲಿ ಇರುವುದುಂಟೇ? ಹೊಸ ಸಾಫ್ಟ್‌ವೇರ್ ಬಂದಾಗ ಯಾರು ಏನು ನೋಡಬೇಕು, ಯಾರು ಏನು ಮುಟ್ಟಬಾರದು ಎಂದು ಹುದ್ದೆವಾರು ಬೀಗ ಜಡಿಸಿದವನೇ ಅವನು. ಹಮಾಲರ ಚಹಾಕ್ಕೆ ಗೇಟಿನವನ ಒಪ್ಪಿಗೆ. ಅದರ ಮೇಲೆ ಗುಮಾಸ್ತನ ಒಪ್ಪಿಗೆ. ಅದರ ಮೇಲೆ ಮನೋಹರನ ಒಪ್ಪಿಗೆ. ಎಲ್ಲರೂ ಒತ್ತಿ ಮುಗಿಸುವಷ್ಟರಲ್ಲಿ ಚಹಾ ಆರಿ ಕೆನೆ ಕಟ್ಟಿರುತ್ತಿತ್ತು. ಕಸ ಗುಡಿಸುವ ದುರ್ಗಕ್ಕ ಹೊಸ ಕಸಬರಿಗೆಗೆಂದು ಬರೆಸಿದ ಅರ್ಜಿ ಇನ್ನೂ ಪರಿಶೀಲನೆಯಲ್ಲೇ ಇತ್ತು. ಪಾಪ, ಆಕೆ ಮೋಟು ಕಡ್ಡಿಯಲ್ಲಿ ಇಡೀ ಅಂಗಳ ಬಳಿಯುತ್ತಿದ್ದಳು.

"ಇಷ್ಟೆಲ್ಲಾ ಬೀಗ ಯಾಕ್ರಿ?" ಎಂದು ಸಾಫ್ಟ್‌ವೇರ್ ಕೂಡಿಸಲು ಬಂದಿದ್ದ ಶೈಲಜಾ ಆಗಲೇ ಕೇಳಿದ್ದಳು.

"ಕಂಟ್ರೋಲ್ ಇರ್ಬೇಕ್ರಿ," ಎಂದು ಮನೋಹರ ಮೀಸೆ ತೀಡಿದ್ದ. ಶೈಲಜಾ ಗಿರಣಿ ಮಾಲೀಕ ಕೊಟ್ರಯ್ಯನ ಅಕ್ಕನ ಮಗಳು. ಅವಳನ್ನು ನೋಡಿದ ದಿನ ಮನೋಹರ ಊಟ ಬಿಟ್ಟ, ಮರುದಿನ ಹೊಸ ಅಂಗಿ ಹೊಲಿಸಿದ. ಕೊಟ್ರಯ್ಯನೇ ನಡುವೆ ನಿಂತು ಸಂಬಂಧ ಕುದುರಿಸಿದ್ದ. ಶುಕ್ರವಾರದ ಹುಡುಗಿ ಅವಳೇ.

ಮನೋಹರ ಕೊಟ್ರಯ್ಯನ ಕೋಣೆಗೆ ಓಡಿದ. "ಯಜಮಾನ್ರ, ನೀವು ಒಪ್ಪಿದ ರಜಾನೂ ತಿರುಗಿ ಬರ್ತೈತಲ್ರೀ, ನಿಮ್ಮ ಮ್ಯಾಲೂ ಒಬ್ರು ಕುಂತಾರಲ್ರೀ! ಯಾರ್ರಿ ಅವ್ರು?"

ಕೊಟ್ರಯ್ಯ ಎರಡೂ ಕೈ ಮುಗಿದು ಕಿಟಕಿಯಾಚೆ ಗದ್ದುಗೆ ತೋರಿಸಿದ. ಬೇವಿನ ಮರದ ಕೆಳಗೆ ಕಲ್ಲಿನ ಬಸವಣ್ಣ ಮೆಲುಕು ಹಾಕುವ ಗತ್ತಿನಲ್ಲಿ ಕೂತಿದ್ದ. "ನಮ್ಮ ಗಿರಣಿ ಬಸವಣ್ಣ. ಮಾಲೀಕರ ಮ್ಯಾಲ ಯಾರು ಅಂತ ಆ ಸಾಫ್ಟ್‌ವೇರ್ ಕೇಳ್ತಪ್ಪ. ಸುಳ್ಳು ಹೇಳಾಕ ಬರ್ತೈತೇನು? ಆತನ ಹೆಸರ ಬರಸೀನಿ."

"ಕಲ್ಲು ಬಟನ್ ಹೆಂಗ ಒತ್ತತೈತ್ರಿ?"

"ಲೇ, ಕಲ್ಲು ಅನಬ್ಯಾಡ!" ಕೊಟ್ರಯ್ಯ ಗಲ್ಲ ಬಡಿದುಕೊಂಡ. ಅವರ ಮನೆತನದಲ್ಲಿ ಬಸವಣ್ಣನ ತಲೆಯ ಮೇಲಿಟ್ಟ ಹೂ ಬಲಕ್ಕೆ ಬೀಳದೆ ಶುಭಕಾರ್ಯವಿಲ್ಲ. "ಇದು ಹೂ ಎಡಕ್ಕ ಬಿದ್ದಂಗ ಆತು. ಸ್ವಾಮಿ ಒಲ್ಲೆ ಅಂದ್ರ ಎಂಗೇಜ್‌ಮೆಂಟ್ ನಿಂತಂಗ. ನಮ್ಮಕ್ಕಗ ನಾನ ಫೋನ್ ಮಾಡ್ತೀನಿ."

"ಗುರುವಾರ ಸಂಜಿತನಕ ತಡೀರಿ, ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಮನೋಹರ ನಿಜಕ್ಕೂ ಬಿದ್ದ.

ಹೊರಗೆ ಬಂದವನೇ ಶೈಲಜಾಗೆ ಫೋನ್ ಹಚ್ಚಿದ. "ಆ ಹೆಸರು ತಗದ್ಬಿಡ್ರಿ, ನಿಮ್ಮ ಪುಣ್ಯ."

"ಮ್ಯಾನೇಜರ್ ಹೇಳಿದ್ರಂತ ಮಾಲೀಕರ ಮ್ಯಾಲಿನೋರ್ನ ತಗ್ಯಾಕ ಬರಂಗಿಲ್ರಿ. ರೂಲು ನಿಮ್ದ," ಎಂದಳು ಅವಳು ಮೆತ್ತಗೆ. "ಅವ್ರು ಏನಂತಾರೋ ಹಂಗ ಮಾಡ್ರಿ, ಅಷ್ಟ."

ಮನೋಹರ ದಡ್ಡನಲ್ಲ. ಬಸವಣ್ಣನಿಗೆ ದಿನಾ ನೀರು ಹಾಕಿ ಹೂ ಇಡುವವಳು ದುರ್ಗಕ್ಕ. ಕಸಬರಿಗೆಯ ಸಿಟ್ಟೂ ಅವಳಿಗೇ. ಹೋಗಿ ಗಬಕ್ಕನೆ ಅವಳ ಫೋನ್ ಕಸಿದ. ರಬ್ಬರ್ ಬ್ಯಾಂಡ್ ಸುತ್ತಿದ ಹಳೆಯ ಬಟನ್ ಫೋನ್! ಅದರಲ್ಲಿ ಹಲೋ ಅನ್ನುವುದೇ ಕಷ್ಟವಿತ್ತು.

"ಯಾಕ್ರಿ ಮ್ಯಾನೇಜರ್ ಸಾಹೇಬ್ರ, ಇದಕ್ಕೂ ಒಪ್ಪಿಗಿ ಬೇಕೇನ್ರಿ?" ಎಂದಳು ದುರ್ಗಕ್ಕ.

ಮನೋಹರನ ಮೈ ಜುಮ್ಮೆಂದಿತು. ಹಾಗಾದರೆ ನಿಜವಾಗಿಯೂ ಬಸವಣ್ಣನೇ...? ಇನ್ನೊಮ್ಮೆ ಅರ್ಜಿ ಹಾಕಿದ. ತಿರುಗಿ ಬಂತು. ಈ ಸಲ ಕಾರಣವೂ ಇತ್ತು: 'ಚಹಾ ಬಿಸಿ ಇರಲಿ.'

ಚಹಾದ ಬೀಗ ಅಲ್ಲೇ ಕಿತ್ತುಹೋಯಿತು. ಮತ್ತೆ ಅರ್ಜಿ. 'ಕಸಬರಿಗೆ ಎಲ್ಲಿ?' ಮ್ಯಾನೇಜರ್ ಸಾಹೇಬರು ತಾವೇ ಬಜಾರಿಗೆ ಹೋಗಿ ಕಸಬರಿಗೆಯ ಹೊರೆಯನ್ನೇ ಬೈಕಿಗೆ ಕಟ್ಟಿಕೊಂಡು ಬಂದರು. ಮತ್ತೆ ಅರ್ಜಿ. 'ಮಾತು ಮೆತ್ತಗಾಗಲಿ.' ಮನೋಹರ ಹಮಾಲ ರಾಮಾಂಜಿನಿಯ ಬಳಿ ಹೋಗಿ, "ರಾಮಾಂಜಿನಿಯವರೇ, ಸ್ವಲ್ಪ ಕುಂದ್ರಿ, ದಣಿದೀರಿ," ಎಂದ. ಜೀವಮಾನದಲ್ಲಿ ಅಂಥ ಮಾತು ಕೇಳದ ರಾಮಾಂಜಿನಿ ಚೀಲ ಇಳಿಸಿ ಮ್ಯಾನೇಜರನ ಹಣೆ ಮುಟ್ಟಿ ಜ್ವರ ಬಂದಿದೆಯೇ ಎಂದು ನೋಡಿದ.

ಗುರುವಾರ ಸಂಜೆಯಾಗುತ್ತ ಬಂತು. ಕೊಟ್ರಯ್ಯ ಫೋನ್ ಕೈಗೆತ್ತಿಕೊಂಡು ಅಕ್ಕನ ನಂಬರ್ ಹುಡುಕತೊಡಗಿದ. ಮನೋಹರನ ಧೈರ್ಯವೆಲ್ಲ ಉಡುಗಿಹೋಯಿತು. ಆಫೀಸಿಗೆ ಓಡಿದ, ಸಾಫ್ಟ್‌ವೇರಿಗೆ ತಾನು ಜಡಿಸಿದ್ದ ಬೀಗಗಳನ್ನೆಲ್ಲ ಒಂದೊಂದಾಗಿ ತೆಗೆದುಹಾಕಿದ. ಬಂದು ಬಸವಣ್ಣನ ಮುಂದೆ ಉದ್ದಕ್ಕೆ ಬಿದ್ದ.

"ಎಪ್ಪಾ, ಭಾಳ ಮೆರದೆ, ತಪ್ಪಾತು! ಶೈಲಜಾ ಇಲ್ಲದ ನಾ ಬದುಕಂಗಿಲ್ಲೋ! ಇನ್ನ ಯಾರ ಮ್ಯಾಲೂ ಹಾರಾಡಂಗಿಲ್ಲ, ನಿನ್ನಾಣಿ!" ಎಂದು ಹಮಾಲರೆಲ್ಲ ನೋಡುತ್ತಿದ್ದಂತೆಯೇ ಗಳಗಳ ಅತ್ತ. ಕಣ್ಣೊರೆಸಿಕೊಂಡು ಅಲ್ಲೇ ಕೂತು, ದೇವರ ಪಾದದ ಹತ್ತಿರ ಮೊಬೈಲ್ ಹಿಡಿದು, ಅರ್ಜಿ ಒತ್ತಿದ.

ಹಸಿರಕ್ಷರ! 'ಒಪ್ಪಿದೆ. ಹೋಗಿ ಬಾ. ಹುಡುಗಿ ಒಳ್ಳೆಯವಳು.'

ಕೊಟ್ರಯ್ಯ ತೆಂಗಿನಕಾಯಿ ಒಡೆದ. ಹಮಾಲರು ಸಿಳ್ಳೆ ಹಾಕಿದರು.

ಶುಕ್ರವಾರ ಚಿತ್ತವಾಡ್ಗಿಯಲ್ಲಿ ಉಂಗುರ ಬದಲಾದವು. ಶೈಲಜಾಳ ಪಕ್ಕದಲ್ಲಿ ಕೂತ ಮನೋಹರನಿಗೆ ಸಂತೋಷ ಹಿಡಿಸಲಾರದಷ್ಟಾಯಿತು. ಇಷ್ಟೆಲ್ಲ ಕೊಟ್ಟ ಸ್ವಾಮಿಯನ್ನು ಮರೆಯುವುದುಂಟೇ? ಯಾರಿಗೂ ಕಾಣದಂತೆ ಮೊಬೈಲ್ ತೆಗೆದು, ಜಿ. ಬಸವಣ್ಣನವರಿಗೆ ಭಕ್ತಿಯಿಂದ 'ನಿನ್ನ ಉಪಕಾರ ಮರೆಯಲಾರೆ ತಂದೆ' ಎಂದು ಬರೆದು ಕಳಿಸಿದ.

ಶೈಲಜಾಳ ಪರ್ಸು ಟಿಣ್ ಎಂದಿತು.