ಇನ್ನೂರ ಹನ್ನೊಂದು ಸಿಪಾಯಿಗಳು

ಮನೆಯಲ್ಲಿ ಲೋಹ ಇರಬಾರದೆಂಬ ಕಾನೂನು ಬಂದು ಏಳು ವರ್ಷವಾಗಿತ್ತು. ಮೈಸೂರಿನಲ್ಲಿ ಎಲ್ಲರೂ ಮಣ್ಣಿನ ಮಡಕೆಯಲ್ಲೇ ಅನ್ನ ಮಾಡುತ್ತಿದ್ದರು, ಬಾಗಿಲಿಗೆ ಹಗ್ಗ ಕಟ್ಟುತ್ತಿದ್ದರು. ಕಡೆಗೆ ಗೊಂಬೆಗಳ ಸರದಿ ಬಂತು.

ರಿಪೇರಿಗೆ ಗಡಿಯಾರಗಳೇ ಇಲ್ಲದೆ ಅಂಗಡಿ ಮುಚ್ಚಿದ್ದ ಪದ್ಮರಾಜಯ್ಯನವರ ಬಳಿ ತವರದ ಇನ್ನೂರ ಹನ್ನೊಂದು ಫ್ರೆಂಚ್ ಸಿಪಾಯಿಗಳಿದ್ದರು. ಮೂವತ್ತು ವರ್ಷದಿಂದ ಒಂದೊಂದಾಗಿ ಕೂಡಿಸಿ, ನೀಲಿ ಕೋಟಿನಿಂದ ಮೀಸೆಯವರೆಗೆ ಬಣ್ಣವನ್ನೆಲ್ಲ ಅವರೇ ಹಚ್ಚಿದ್ದರು. ಮಾತಿಗೆ ಬೇರೆ ಯಾರೂ ಇಲ್ಲದ ಆ ಮನೆಯಲ್ಲಿ ಪ್ರತಿ ಸಿಪಾಯಿಗೂ ಒಂದು ಹೆಸರಿತ್ತು.

ಲೋಹ ಇಲಾಖೆಯ ಶಕೀಲಾ ಬುಟ್ಟಿ ಹಿಡಿದು ಬಂದಳು.

"ನೆನಪಿಗೆ ಅಂತ ತಲೆಗೊಂದು ಇಟ್ಕೋಬಹುದು ತಾತ. ಮನೇಲಿ ಎಷ್ಟು ಜನ?"

"ನಾನೊಬ್ನೇ ಕಣಮ್ಮ."

"ಹಾಗಾದ್ರೆ ಒಂದು."

ಅವರು ಬಹಳ ಹೊತ್ತು ನೋಡಿ, ಡೋಲು ಬಾರಿಸುವವನನ್ನು ಕಿಟಕಿಯಲ್ಲಿ ನಿಲ್ಲಿಸಿದರು. ಉಳಿದವರನ್ನು ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿ ಬುಟ್ಟಿಯಲ್ಲಿಟ್ಟರು.

ಶಕೀಲಾ ಬೀದಿಯ ತಿರುವು ದಾಟುವಷ್ಟರಲ್ಲಿ ಹಿಂದಿನಿಂದ ಯಾರೋ ಕೂಗಿದರು. ಪದ್ಮರಾಜಯ್ಯ ಬರಿಗಾಲಲ್ಲಿ ಓಡಿಬಂದು, ಏದುಸಿರು ಬಿಡುತ್ತ ಮುಷ್ಟಿ ಬಿಚ್ಚಿದರು.

"ಇವನೂ ಅವರ ಜೊತೆ ಹೋಗ್ಲಮ್ಮ. ಒಬ್ನೇ ಇದ್ರೆ ಬೇಜಾರು ಮಾಡ್ಕೋತಾನೆ."