ತಿಪ್ಪೇರುದ್ರಪ್ಪನವರ ವಿರೋಧ

ಕೊಂಡ ವಸ್ತುವನ್ನು ಯಾರ ಕೈಯಲ್ಲಾದರೂ ರಿಪೇರಿ ಮಾಡಿಸಿಕೊಳ್ಳುವ ಹಕ್ಕಿನ ಮಸೂದೆ ಸದನದ ಮುಂದಿತ್ತು. ಅದನ್ನು ವಿರೋಧಿಸಲು ಶಾಸಕ ತಿಪ್ಪೇರುದ್ರಪ್ಪ ಎದ್ದುನಿಂತರು. ಮೇಲೆ ಗ್ಯಾಲರಿಯಲ್ಲಿ ವಸ್ತು ತಯಾರಿಸುವ ಕಂಪನಿಯವರು ಕಣ್ಣಿಟ್ಟು ಕೂತಿದ್ದರು. ಮಾತು ತಪ್ಪಿದರೆ ಮುಂದಿನ ಸಲ ಟಿಕೆಟ್ ಇಲ್ಲವೆಂದು ಪಕ್ಷದವರು ಬೆಳಿಗ್ಗೆಯೇ ಎಚ್ಚರಿಸಿದ್ದರು.

“ಸಭಾಧ್ಯಕ್ಷರೇ, ಕಂಪನಿಯವರನ್ನ ಬಿಟ್ಟು ಬೇರೆಯವರು ಕೈ ಹಾಕಿದ್ರೆ...”

ಮೈಕು ಗೊರಗೊರ ಎಂದು ನಿಂತುಹೋಯಿತು.

“ಮೈಕ್ ರಿಪೇರಿಗೆ ಕಂಪನಿ ಎಂಜಿನಿಯರೇ ಬರಬೇಕು, ಸ್ವಲ್ಪ ಕಾಯ್ರಿ,” ಎಂದರು ಸಭಾಧ್ಯಕ್ಷರು.

ತಿಪ್ಪೇರುದ್ರಪ್ಪನವರಿಗೆ ತಡೆಯಲಾಗಲಿಲ್ಲ. ರಾಜಕೀಯಕ್ಕೆ ಬರುವ ಮುಂಚೆ ರೇಡಿಯೊ ರಿಪೇರಿ ಅಂಗಡಿ ನಡೆಸಿದ್ದ ಕೈ ತಾನಾಗಿಯೇ ಮೈಕನ್ನು ತಿರುಗಿಸಿ ಬಿಚ್ಚಿತು, ಸಡಿಲವಾಗಿದ್ದ ತಂತಿ ಕೂಡಿಸಿತು. ಉಫ್ ಎಂದು ಊದಿದರು. ಇಡೀ ಸದನಕ್ಕೆ ಕೇಳಿಸಿತು. ಅವರ ಬೆರಳುಗಳು ಅಲ್ಲೇ ನಿಂತವು.

ಮಸೂದೆ ಮಂಡಿಸಿದ್ದ ಸಚಿವೆ ಎದ್ದರು. “ಸಭಾಧ್ಯಕ್ಷರೇ, ಮಾನ್ಯ ಸದಸ್ಯರು ಹೇಳೋದನ್ನೆಲ್ಲ ಹೇಳಿ ಆಯ್ತು. ಮತಕ್ಕೆ ಹಾಕಿ.”