ಡಚೆಸ್ ನಿಂತ ಒಂದು ನಿಮಿಷ

ಹೆಂಡತಿಯ ತಲೆವಸ್ತ್ರದಿಂದ ಸುಟ್ಟ ಹರಳೆಣ್ಣೆಯ ವಾಸನೆ ಬರುತ್ತಿತ್ತು. ವಿಲ್ಫ್ ಟಾಸ್ಕರ್ ಅದನ್ನು ಇನ್ನೊಮ್ಮೆ ಮೂಸಿ ಗೂಟಕ್ಕೆ ಹಾಕಿದ. ಸಂಶಯವೇ ಇಲ್ಲ, ಮಾದರಿ ವಿಮಾನದ ಇಂಧನದ್ದೇ ವಾಸನೆ. ಅವನು ಹಾರಿಸುವುದು ಭಾನುವಾರ ಮಾತ್ರ. ಇವತ್ತು ಗುರುವಾರ.

ಆ ಊರಿನಲ್ಲಿ ಈ ವಾಸನೆ ಹೊತ್ತು ತಿರುಗುವ ಇನ್ನೊಬ್ಬ ಗಂಡಸೆಂದರೆ ಬೇಸಿಲ್ ಕ್ರೇನ್. ಮಾದರಿ ವಿಮಾನ ಕ್ಲಬ್ಬಿನ ಕಾರ್ಯದರ್ಶಿ. ಮದುವೆಯಾಗದವನು, ಮೇಲಾಗಿ ವ್ಯಾನು ಇಟ್ಟುಕೊಂಡವನು. ಆ ವ್ಯಾನು ಬುಧವಾರ ಬುಧವಾರ ವಿಲ್ಫ್‌ನ ಮನೆ ಮುಂದೆ ನಿಲ್ಲುತ್ತದೆಂದು ಪಕ್ಕದ ಮನೆಯಾಕೆ ಬೇಲಿಯಾಚೆಯಿಂದ ಊದಿದ್ದಳು.

"ಬೆರಳಿಗೇನಾಯ್ತೇ?" ಎಂದು ಹೆಂಡತಿಯ ಬೆರಳಿನ ಪಟ್ಟಿ ನೋಡಿ ಕೇಳಿದ ವಿಲ್ಫ್.

"ಬಟಾಣಿ ಡಬ್ಬಿ ತೆಗೆಯೋವಾಗ ಕುಯ್ತು," ಎಂದಳು ಮಾವಿಸ್. "ತಲೆ ತಿನ್ಬೇಡ, ಟೀ ಆರತ್ತೆ."

ವಿಲ್ಫ್ ಟೀ ಕುಡಿದ. ಜಗಳಕ್ಕೆ ಇದು ಹೊತ್ತಲ್ಲ. ಭಾನುವಾರ ಡಚೆಸ್‌ಳ ಹಣೆಬರಹ ತೀರ್ಮಾನವಾಗಬೇಕಿತ್ತು.

ಡಚೆಸ್ ಎಂದರೆ ರೇಡಿಯೋದಿಂದ ಹಾರಿಸುವ ಅವನ ಮಾದರಿ ಹೆಲಿಕಾಪ್ಟರ್. ಎಪ್ಪತ್ತರ ದಶಕದ ಮೊದಲಿಗೆ ಬಂದ ಆ ಹೆಲಿಕಾಪ್ಟರ್‌ಗಳನ್ನು ಕಂಡವರೇ ಬಲ್ಲರು. ಅವನ್ನು ರೂಪಿಸಿದ ಪುಣ್ಯಾತ್ಮರು ಹಾರಿಸಿ ನೋಡಿರಲಿಲ್ಲವೆಂದೇ ಕಾಣುತ್ತದೆ. ಮೇಲೇಳು ಎಂದರೆ ಯೋಚಿಸಿ ಏಳುತ್ತಿದ್ದವು. ಇಳಿ ಎಂದರೆ ಯೋಚಿಸದೆ ಬೀಳುತ್ತಿದ್ದವು. ವೇಗ ಒಂದಿಷ್ಟು ಹೆಚ್ಚಿಸಿದರೂ ಬಾಲ ಗಿರ್ರನೆ ತಿರುಗುತ್ತಿತ್ತು. ನಡುಕಕ್ಕೆ ತಿರುಪುಗಳು ತಾವಾಗಿಯೇ ಬಿಚ್ಚಿಕೊಳ್ಳುತ್ತಿದ್ದವು, ಇಂಧನ ಸೋರಿ ರೇಡಿಯೋ ತೊಯ್ಯುತ್ತಿತ್ತು. ಜೊತೆಗೆ ಕೊಟ್ಟ ಕೈಪಿಡಿಯ ಕೊನೆಯ ಸಾಲು ಮಾತ್ರ ಬಲು ಸರಳ: "ಈಗ ಹಾರಿಸಿ."

ನಾಲ್ಕು ವರ್ಷ ವಿಲ್ಫ್ ಹಾರಿಸಿದ್ದ, ಅಂದರೆ ಬೀಳಿಸಿದ್ದ. ಕಳೆದ ತಿಂಗಳು ಡಚೆಸ್ ಟೀ ಡೇರೆಗೆ ನುಗ್ಗಿ, ಅಧ್ಯಕ್ಷರ ಹೆಂಡತಿ ಮಾಡಿ ತಂದ ಪುಡಿಂಗಿನ ಬಟ್ಟಲಿನಲ್ಲಿ ಕೂತಿತ್ತು. ಆಮೇಲೆ ಸಮಿತಿ ಸೇರಿತು.

"ಯಂತ್ರ ಒಂದು ನಿಮಿಷ ಗಾಳೀಲಿ ನಿಂತಿರ್ಬೇಕು. ಇಲ್ಲಾಂದ್ರೆ ಹೆಲಿಕಾಪ್ಟರ್‌ಗೆ ಈ ಮೈದಾನ ಬಂದ್," ಎಂದು ಬೇಸಿಲ್ ತಿಳಿಸಿದ್ದ. "ಅಷ್ಟೇ ಕಣಪ್ಪಾ ಠರಾವಿನಲ್ಲಿರೋದು. ಒಂದಕ್ಷರ ಹೆಚ್ಚಿಲ್ಲ."

ವಾರವಿಡೀ ಸೈಕಲ್ ಕಾರ್ಖಾನೆಯಲ್ಲಿ ಚಕ್ರಕ್ಕೆ ಕಡ್ಡಿ ಜೋಡಿಸುವ ವಿಲ್ಫ್‌ಗೆ ಡಚೆಸ್ ಇಲ್ಲದ ಭಾನುವಾರವೆಂದರೆ ಇನ್ನೊಂದು ಸೋಮವಾರ.

ಭಾನುವಾರ ಬಂತು. ಯುದ್ಧವಿಮಾನಗಳ ಹಳೆಯ ಮೈದಾನ, ಲಿಂಕನ್‌ಶೈರ್ ಸೀಮೆಯ ಎಂದಿನ ಗಾಳಿ.

"ಹಾರಿಸೋ ರೇಡಿಯೋ ಪೆಟ್ಟಿಗೆ ನಾನೇ ಒರೆಸಿ ಇಟ್ಟಿದೀನಿ," ಎಂದಳು ಮಾವಿಸ್. "ಇವತ್ತಾದ್ರೂ ಅದನ್ನ ಬಿಚ್ಚಿ ಕೆದಕ್ಬೇಡ."

ಗೇಟಿನ ಬಳಿ ಬಣ್ಣದ ಹಲಗೆ. ಒಂದೊಂದು ಬಣ್ಣ ಒಂದೊಂದು ರೇಡಿಯೋ ತರಂಗಕ್ಕೆ. ತನ್ನ ಬಣ್ಣದ ಮೇಲೆ ಹೆಸರು ಬರೆದ ಬಟ್ಟೆ ಕ್ಲಿಪ್ಪು ಸಿಕ್ಕಿಸಿದ ಮೇಲೆಯೇ ಪೆಟ್ಟಿಗೆ ಚಾಲೂ ಮಾಡಬೇಕು. ಒಂದೇ ಬಣ್ಣದಲ್ಲಿ ಇಬ್ಬರ ಮಾತು ಒಟ್ಟಿಗೆ ಹೊರಟರೆ ಯಂತ್ರ ಯಾರ ಮಾತನ್ನೂ ಕೇಳದೆ ಮಣ್ಣು ಮುಕ್ಕುತ್ತದೆ. ಕ್ಲಬ್ಬಿನಲ್ಲಿ ಅದಕ್ಕಿಂತ ದೊಡ್ಡ ಪಾಪ ಇನ್ನೊಂದಿರಲಿಲ್ಲ.

ವಿಲ್ಫ್‌ನದು ಕೆಂಪು. ಕ್ಲಿಪ್ಪಿಗಾಗಿ ಜೇಬಿಗೆ ಕೈ ಹಾಕಿದ. ಹಲಗೆಯತ್ತ ಕಣ್ಣು ಹಾಯಿಸುವ ಮೊದಲೇ ಮಾವಿಸ್ ಬೇಸಿಲ್‌ನ ವ್ಯಾನಿನ ಹಿಂಬದಿಗೆ ಹತ್ತುವುದು ಕಂಡಿತು. ಹಲಗೆಯನ್ನು ಮರೆತು ದುರ್ದಾನ ತೆಗೆದುಕೊಂಡವನಂತೆ ಮೈದಾನಕ್ಕೆ ನಡೆದ.

ಇಂಜಿನ್ ಕೂಗಿತು. ವಿಲ್ಫ್ ಪೆಟ್ಟಿಗೆಯ ಆಂಟೆನಾ ಎಳೆದ, ದೀಪ ಉರಿಯಿತು. ಅಧ್ಯಕ್ಷರು ಗಡಿಯಾರ ಹಿಡಿದು ಪುಡಿಂಗನ್ನು ನೆನೆಯುವ ಮುಖದಲ್ಲಿ ನಿಂತರು. ವಿಲ್ಫ್ ಪೆಟ್ಟಿಗೆಯ ಕಡ್ಡಿಯನ್ನು ಮೆಲ್ಲನೆ ಮೇಲಕ್ಕೆ ತಳ್ಳಿದ.

ಡಚೆಸ್ ಎದ್ದಿತು. ಎದೆಯೆತ್ತರಕ್ಕೆ ಬಂದು ನಿಂತಿತು. ಬಾಲ ಅಲುಗಲಿಲ್ಲ.

ವಿಲ್ಫ್‌ನ ಕಣ್ಣು ವ್ಯಾನಿನತ್ತ ಹೊರಳಿತು. ಹಿಂಬಾಗಿಲು ತೆರೆದಿತ್ತು. ಬೇಸಿಲ್‌ನ ಮೀನುಗಾಳದ ಕೋಲುಗಳು ಹೊರಕ್ಕೆ ಚಾಚಿದ್ದವು, ಅವುಗಳಲ್ಲೊಂದು ತೆಳ್ಳಗೆ ಹೊಳೆಯುತ್ತಿತ್ತು. ಅವುಗಳ ಪಕ್ಕ ಮಾವಿಸ್ ಮತ್ತು ಬೇಸಿಲ್, ಇಬ್ಬರ ಮಡಿಲ ಮೇಲೂ ಒಂದೇ ಕೋಟು. ಕೈಗಳು ಕೋಟಿನ ಕೆಳಗೆ.

ಸಿಟ್ಟಿನಿಂದ ಅವನ ಹೆಬ್ಬೆರಳುಗಳು ಗಡಗಡ ನಡುಗಿದವು. ಡಚೆಸ್ ನಡುಗಲಿಲ್ಲ.

"ಒಂದು ನಿಮಿಷ!" ಎಂದು ಕಿರುಚಿದರು ಅಧ್ಯಕ್ಷರು. ಡಚೆಸ್ ಹುಲ್ಲಿನ ಮೇಲೆ ಮೆತ್ತಗೆ ಇಳಿಯಿತು. ಜನ ಟೋಪಿ ಎಸೆದರು. ಅಧ್ಯಕ್ಷರು ಓಡಿಬಂದು ವಿಲ್ಫ್‌ನ ಬೆನ್ನು ಗುದ್ದಿದರು. "ಏನ್ ಕೈಯೋ ಮಾರಾಯ!"

"ಹೌದು, ಏನ್ ಕೈ!" ಎಂದ ಹಿಂದೆಯೇ ಬಂದ ಬೇಸಿಲ್. ಅವನ ಕಣ್ಣು ಮಾವಿಸ್‌ಳ ಮೇಲಿತ್ತು.

ವಿಲ್ಫ್ ಬೆನ್ನು ಗುದ್ದಿಸಿಕೊಳ್ಳುತ್ತಾ ನಿಲ್ಲಲಿಲ್ಲ. ಹೆಂಡತಿಯನ್ನು ಪಕ್ಕಕ್ಕೆ ಕರೆದ.

"ಬುಧವಾರದ್ದು ನಂಗೆ ಗೊತ್ತಾಗಿದೆ."

ಮಾವಿಸ್‌ಳ ಮುಖ ಬಿಳುಚಿತು. "ಬೇಸಿಲ್ ಹೇಳಿದ್ನಾ?"

"ಎಷ್ಟು ದಿನದಿಂದ?"

"ಚಳಿಗಾಲದಿಂದ. ಸುಮ್ನೆ ಒಂದ್ಸಲ ನೋಡೋಣ ಅಂತ ಹೋದೆ. ಆಮೇಲೆ ಬಿಡೋಕೇ ಆಗ್ಲಿಲ್ಲ, ವಿಲ್ಫ್. ನಿನ್ನ ಮುಂದೆ ಹೇಳೋಕೆ ಧೈರ್ಯ ಬರ್ಲಿಲ್ಲ. ನಿಂಗೆ ಎಲ್ಲಿ ನೋವಾಗತ್ತೋ ಅಂತ."

ವಿಲ್ಫ್ ಪೆಟ್ಟಿಗೆಯನ್ನು ಬಗಲಿಗಿಟ್ಟುಕೊಂಡು ಗೇಟಿನತ್ತ ನಡೆದ. ಮನೆ ಮುರಿದರೂ ಕ್ಲಬ್ಬಿನ ನಿಯಮ ಮುರಿಯುವ ಜಾತಿಯವನಲ್ಲ. ಹೋಗುವ ಮುಂಚೆ ಕ್ಲಿಪ್ಪು ತೆಗೆದುಕೊಳ್ಳಬೇಕು. ಕೈ ಅಭ್ಯಾಸಬಲದಿಂದ ಜೇಬಿಗೆ ಹೋಯಿತು. ಕ್ಲಿಪ್ಪು ಅಲ್ಲೇ ಇತ್ತು. ಬೆಳಗಿನಿಂದ ಅಲ್ಲೇ ಇತ್ತು.

ಬಿಚ್ಚಿ ಕೆದಕಬೇಡ ಎಂದಿದ್ದ ಮಾವಿಸ್‌ಳ ಮಾತು ನೆನಪಾಯಿತು. ಪೆಟ್ಟಿಗೆಯ ಹಿಂದಿನ ಮುಚ್ಚಳ ಬಿಚ್ಚಿದ. ಕೆಂಪು ಕ್ರಿಸ್ಟಲ್ ಇರಬೇಕಾದ ಜಾಗ ಖಾಲಿ. ಆ ಬಣ್ಣದ ತರಂಗ ಹೊರಡಿಸುವ, ಉಗುರಿನಷ್ಟೇ ಗಾತ್ರದ ಅದು ಇಲ್ಲದಿದ್ದರೆ ಪೆಟ್ಟಿಗೆ ಬರೀ ದೀಪ ಉರಿಯುವ ಬಿಸ್ಕತ್ತು ಡಬ್ಬಿ. ಹಾಗಾದರೆ ಡಚೆಸ್ಸನ್ನು ನಿಲ್ಲಿಸಿದ್ದು ಯಾರ ಕೈ? ಅವನು ನಿಧಾನವಾಗಿ ಹಲಗೆಯತ್ತ ತಲೆಯೆತ್ತಿದ.

ಕೆಂಪಿನ ಮೇಲೆ ತನ್ನ ಮನೆಯದೇ ಒಂದು ಬಟ್ಟೆ ಕ್ಲಿಪ್ಪು ಕೂತಿತ್ತು. ಅದರ ಮೇಲೆ, ಜಾಮ್ ಸೀಸೆಗಳ ಮೇಲೆ ಬರೆಯುವ ಅದೇ ದುಂಡು ಅಕ್ಷರದಲ್ಲಿ, "ಮಾವಿಸ್ ಟಾಸ್ಕರ್".